ಕೋಡಿ ಸಾಲದೆ ಒಡೆದ ಕೆರೆ

ಹಿರೇಕೆರೂರು ತಾಲ್ಲೂಕಿನ ಮಾಸೂರಿನ ಹತ್ತಿರ ಮದಗ ಅಂತ ಒಂದು ಕೆರೆ ಇದೆ. ಮಳೆಗಾಲದ ಭಾನುವಾರ ಅಲ್ಲಿಗೆ ಹುಡುಗರು ಬೈಕ್ ಹತ್ತಿ ಬರುವುದು ನೀರು ಧುಮುಕುವುದನ್ನು ನೋಡಲಿಕ್ಕೆ, ಸೆಲ್ಫಿ ತೆಗೆದುಕೊಳ್ಳಲಿಕ್ಕೆ. ತಪ್ಪೇನಿಲ್ಲ, ಜಾಗ ಚೆನ್ನಾಗಿದೆ. ಆದರೆ ಆ ಗುಡ್ಡಗಳ ಮಧ್ಯೆ ಒಂದು ಕಾಲದಲ್ಲಿ ಎಂಥ ಕೆರೆ ಇತ್ತು ಅನ್ನೋದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ವಿಜಯನಗರದ ಕಾಲದವರು ಕುಮುದ್ವತಿ ಹೊಳೆಯನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದರು. ಗುಡ್ಡದಿಂದ ಗುಡ್ಡಕ್ಕೆ ಮಣ್ಣಿನ ಏರಿಗಳು. 19ನೇ ಶತಮಾನದಲ್ಲಿ ಇಂಗ್ಲಿಷ್ ಎಂಜಿನಿಯರುಗಳು ಬಂದು ಅಳತೆ ಹಾಕಿದಾಗ ಬೆರಗಾಗಿ ನಿಂತರು. ದೊಡ್ಡ ಏರಿಯ ಎತ್ತರ ಸುಮಾರು 108 ಅಡಿ. ಕೆರೆ ತುಂಬಿದ್ದಾಗ ನೀರು ಹರಡುತ್ತಿದ್ದ ವಿಸ್ತಾರ ಸುಮಾರು 40 ಚದರ ಮೈಲಿ ಅಂತ ಅವರು ಬರೆದರು. 40 ಚದರ ಮೈಲಿ ಅಂದರೆ 25 ಸಾವಿರ ಎಕರೆಗೂ ಹೆಚ್ಚು. ಅಮೆರಿಕದ ಅಣೆಕಟ್ಟು ತಜ್ಞರ ಪುಸ್ತಕಗಳಲ್ಲೂ ಮಾಸೂರಿನ ಹೆಸರು ಸೇರಿಹೋಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಇದೆಯಾ? ಹುಡುಕಿ ನೋಡಿ.

ಅಂಥ ಕೆರೆ ಒಡೆಯಿತು. ಯಾಕೆ ಒಡೆಯಿತು ಅನ್ನೋದರಲ್ಲೇ ಇವತ್ತಿನ ನನ್ನ ಮಾತೆಲ್ಲ ಇದೆ. ಏರಿ ಬಡವಾಗಿತ್ತು ಅಂತಲ್ಲ ಸ್ವಾಮಿ. ಬುಡದಲ್ಲಿ ನೂರಾರು ಅಡಿ ದಪ್ಪ ಇದ್ದ ಏರಿ ಅದು. ಹೆಚ್ಚಾದ ನೀರು ಹೊರಗೆ ಹೋಗುವ ದಾರಿ, ಅಂದರೆ ಕೋಡಿ, ಸಾಲಲಿಲ್ಲ. ಒಳಗೆ ಬಂದಷ್ಟು ನೀರನ್ನು ಹೊರಗೆ ಬಿಡಲಾಗದೆ ಕೆರೆ ತನ್ನ ದಾರಿ ತಾನೇ ಮಾಡಿಕೊಂಡಿತು. ಈಗ ನಾವು ನೋಡುವುದು ಆ ಮಹಾ ಕೆರೆಯ ಹೊಟ್ಟೆಯೊಳಗಿನ ಒಂದು ಸಣ್ಣ ಕೆರೆಯನ್ನು.

ನಿಮ್ಮ ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮೇಲೆ ವಿಷಲ್ ಇದೆ. ಪಕ್ಕದಲ್ಲಿ ಸಣ್ಣದೊಂದು ಸೇಫ್ಟಿ ವಾಲ್ವ್ ಇದೆ. ವಿಷಲಿನ ತೂತಿಗೆ ಬೇಳೆ ಕಟ್ಟಿಕೊಂಡರೆ ಆ ವಾಲ್ವ್ ತಾನು ಹೋಗಿ ಮನೆಯವರನ್ನು ಉಳಿಸುತ್ತದೆ. ಕೆರೆಯ ತೂಬು ಅಂದರೆ ಬೇಕಾದಾಗ ತೆಗೆಯುವ ವಾಲ್ವ್. ಕೋಡಿ ಅಂದರೆ ಯಾರನ್ನೂ ಕೇಳದೆ ಕೆಲಸ ಮಾಡಬೇಕಾದ ಸೇಫ್ಟಿ ವಾಲ್ವ್. ಉಗಿಯ ಪಾತ್ರೆಗೆ ಇಂಥ ವಾಲ್ವ್ ಇಟ್ಟ ಕೀರ್ತಿಯನ್ನು 17ನೇ ಶತಮಾನದ ಕೊನೆಯಲ್ಲಿದ್ದ ಫ್ರಾನ್ಸಿನ ಡೆನಿ ಪಾಪಾನ್‌ಗೆ ಕೊಡುತ್ತಾರೆ. ಕೊಡಲಿ. ನಮ್ಮ ಒಡ್ಡರು ಅದಕ್ಕೂ ನೂರಾರು ವರ್ಷ ಮುಂಚೆ ಅದೇ ಲೆಕ್ಕವನ್ನು ಮಣ್ಣು ಕಲ್ಲಿನಲ್ಲಿ ಹಾಕುತ್ತಿದ್ದರು.

ಹಳೆಯ ತೂಬು ಹೇಗಿರುತ್ತಿತ್ತು ಗೊತ್ತಾ? ಕೆರೆಯ ಒಳಗೆ, ಏರಿಗೆ ಹತ್ತಿರ, ಎರಡು ಕಲ್ಲುಕಂಬ. ಕಂಬಗಳ ನಡುವೆ ಅಡ್ಡಗಲ್ಲುಗಳು, ಪ್ರತಿಯೊಂದಕ್ಕೂ ನಡುವೆ ತೂತು. ಎಲ್ಲಕ್ಕೂ ಕೆಳಗೆ, ಕಾಲುವೆಯ ಬಾಯಿಗೆ ಒಂದು ತೂತಿನ ಚಪ್ಪಡಿ. ಅಡ್ಡಗಲ್ಲುಗಳ ಮೂಲಕ ಇಳಿಬಿಟ್ಟ ಉದ್ದನೆಯ ಕಂಬದ ತುದಿಗೆ ಬೆಣೆ. ಎತ್ತಿದರೆ ನೀರು, ಇಳಿಸಿದರೆ ಬಂದ್. ಇವತ್ತು ಕಾರ್ಖಾನೆಯಿಂದ ಬರುವ ಎಷ್ಟೋ ವಾಲ್ವ್‌ಗಳನ್ನು ಬಿಚ್ಚಿ ನೋಡಿ, ಒಳಗೆ ಮುಖ್ಯವಾಗಿ ಇರುವುದು ಇಷ್ಟೇ: ಕೂರುವ ಜಾಗ, ಕೂರುವ ಬಿಲ್ಲೆ, ಅದನ್ನು ಎತ್ತುವ ಕಡ್ಡಿ. ಮೇಲೆ ತಿರುಗಿಸುವ ಚಕ್ರ ಬಂದಿದೆ ಅಷ್ಟೆ.

ಮತ್ತೆ ಸ್ಟ್ಯಾಂಡರ್ಡು? ಗುಣಮಟ್ಟದ ನಿಯಮ ಅಂದ ಕೂಡಲೇ ಅದು ಬಿಳಿಯರು ತಂದದ್ದು ಅಂತ ನಮಗೊಂದು ಭ್ರಮೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನ ಇದೆ. ಬುಕ್ಕರಾಯನ ಮಗ ಭಾಸ್ಕರ ಹಾಕಿಸಿದ್ದು. ಒಳ್ಳೆಯ ಕೆರೆಗೆ 12 ಅಂಗಗಳು ಬೇಕು, 6 ದೋಷಗಳು ಇರಬಾರದು ಅಂತ ಕಲ್ಲಿನಲ್ಲೇ ಬರೆದಿದ್ದಾರೆ. ದೋಷಗಳಲ್ಲಿ ಮೊದಲನೆಯದು, ಏರಿಯಿಂದ ನೀರು ಜಿನುಗುವುದು. ಇನ್ನೊಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು! (ಕಾವೇರಿ, ಕೃಷ್ಣೆಯ ವರದಿ ಮಾಡಿ ಮಾಡಿ ಸುಸ್ತಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಜಾಗ ಕಡಿಮೆ, ನೀರು ಜಾಸ್ತಿ ಅನ್ನೋದೂ ಆ ಆರರಲ್ಲಿ ಒಂದು. ಮದಗವನ್ನು ಕೆಡವಿದ್ದು ಹೆಚ್ಚೂಕಡಿಮೆ ಅದೇ ಅಲ್ಲವೇ? ನಿಯಮ ಗೊತ್ತಿದ್ದ ಸಾಮ್ರಾಜ್ಯದಲ್ಲೇ ಕೋಡಿ ಸಾಲದ ಕೆರೆಯೂ ಕಟ್ಟಲ್ಪಟ್ಟಿತು. ಕಲ್ಲಿನಲ್ಲಿ ಬರೆದರೂ ಕಾಗದದಲ್ಲಿ ಬರೆದರೂ ನಿಯಮದ ಹಣೆಬರಹ ಒಂದೇ ಅಂತ ನನಗೆ ಅನ್ನಿಸುವುದು ಇಲ್ಲೇ.

ಆದರೆ ಒಂದು ಮಾತಿನಲ್ಲಿ ಹಳಬರು ನಮಗಿಂತ ಜಾಣರು. ಕಟ್ಟಿದ ಮೇಲೆ ನೋಡಿಕೊಳ್ಳುವವನ ಹೊಟ್ಟೆಗೆ ದಾರಿ ಮಾಡಿರುತ್ತಿದ್ದರು. ಕೆರೆಯ ದುರಸ್ತಿಗೆ, ಹೂಳು ತೆಗೆಯುವ ಬಂಡಿಗೆ ಜಮೀನು ಬಿಟ್ಟ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ಬಿತ್ತುವಟ್ಟ ಅನ್ನೋ ಪದವೇ ಅದಕ್ಕಾಗಿ ಇತ್ತು. ಹಾನಗಲ್ಲಿನ ಆನೆಕೆರೆಯನ್ನೇ ನೋಡಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಬೀಡುಬಿಟ್ಟದ್ದು ಆ ಕೆರೆಯ ಬಳಿ. ಕದಂಬರು ಹೋದರು, ಹೊಯ್ಸಳರು ಹೋದರು, ಆನೆಕೆರೆ ಇನ್ನೂ ಇದೆ. ಸವಣೂರಿನ ಮೋತಿ ತಲಾಬ್ ಇದೆ, ಶಿಗ್ಗಾಂವಿಗೆ ನಾಗನೂರ ಕೆರೆ ಇದೆ. ತಲೆಮಾರಿನಿಂದ ತಲೆಮಾರಿಗೆ ಯಾರೋ ತೂಬಿನ ಮೇಲೆ ಕಣ್ಣಿಟ್ಟಿದ್ದರಿಂದ ಉಳಿದವು ಇವು.

ಬ್ರಿಟಿಷರ ಕಾಲಕ್ಕೆ ಉಗಿ ಬಂತು, ಬಾಯ್ಲರ್ ಬಂತು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ಕಾನೂನಾಯಿತು. ಬೇರೆ ಬೇರೆ ಪ್ರಾಂತ್ಯಗಳು ತಮಗೆ ತಿಳಿದಂತೆ ಕಾನೂನು ಮಾಡಿಕೊಂಡವು. ಎಲ್ಲಕ್ಕೂ ಸೇರಿಸಿ ಒಂದೇ ಕಾನೂನು ಬಂದದ್ದು 1923ರಲ್ಲಿ. ತಪಾಸಣೆ ಆಗಬೇಕು, ಪ್ರಮಾಣಪತ್ರ ಇಲ್ಲದೆ ಬಾಯ್ಲರ್ ಹಚ್ಚುವಂತಿಲ್ಲ. ನೂರು ವರ್ಷ ಅದೇ ನಡೆದು, ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂತು.

ಕ್ರಮ ನೋಡಿ. ಮೊದಲು ಸಾವು, ಆಮೇಲೆ ಕಾನೂನು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಆದದ್ದು ಇನ್ನೂ ಘೋರ. ಅಲ್ಲಿ ಟ್ಯಾಂಕಿನ ಸೇಫ್ಟಿ ವಾಲ್ವ್ ತನ್ನ ಕೆಲಸ ತಾನು ಮಾಡಿತು, ಒತ್ತಡ ಏರಿದಾಗ ತೆರೆದುಕೊಂಡಿತು. ಅದರಾಚೆ ವಿಷಾನಿಲವನ್ನು ತೊಳೆಯಬೇಕಿದ್ದ, ಸುಡಬೇಕಿದ್ದ ವ್ಯವಸ್ಥೆಗಳು ಆ ರಾತ್ರಿ ಕೆಲಸಕ್ಕೆ ಬರಲಿಲ್ಲ. ಒಂದು ವಾಲ್ವ್ ಒಳ್ಳೇದಿದ್ದರೆ ಸಾಲದು, ಅದರ ಮುಂದಿನ ದಾರಿಯೂ ಸರಿ ಇರಬೇಕು.

ಇನ್ನು ನಮ್ಮ ಮನೆ ಬಾಗಿಲಿಗೇ ಬರೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟು, 70 ವರ್ಷದ ಅಣೆಕಟ್ಟು, ಜಲಾಶಯ ತುಂಬಿ ನಿಂತಿತ್ತು. ಒಂದೇ ಗೇಟಿನಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರ ನೀರನ್ನು ರೈತರ ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ ಆ ಕೆಲಸಗಾರರಿಗೆ ಎಷ್ಟು ಕೈ ಮುಗಿದರೂ ಕಡಿಮೆ. ಮದಗದ ಕುಮುದ್ವತಿಯೂ, ಹಾನಗಲ್ ಸವಣೂರು ಸೀಮೆಯ ವರದೆಯೂ ಕೊನೆಗೆ ಹೋಗಿ ಸೇರುವುದು ಇದೇ ತುಂಗಭದ್ರೆಯನ್ನು. ಅದೇ ನೀರು, ಎರಡು ಕಾಲ, ಅದೇ ಕಥೆ.

2021ರಲ್ಲೇ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿತ್ತು. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ. ಜಲಾಶಯ ತುಂಬಿದಾಗ ಬಾಗಿನ ಬಿಡುವುದನ್ನು ನಾವು ಚಾನೆಲ್‌ನವರು ಲೈವ್ ತೋರಿಸುತ್ತೇವೆ. ಮೇ ತಿಂಗಳ ಬಿಸಿಲಲ್ಲಿ ಒಬ್ಬ ಎಂಜಿನಿಯರ್ ಚೈನಿನ ಕೊಂಡಿ ಒಂದೊಂದೇ ಮುಟ್ಟಿ ನೋಡುವುದು ಯಾವ ಚಾನೆಲ್‌ಗೂ ಸುದ್ದಿಯಲ್ಲ. ಅದಿರಲಿ. ಆ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ. ನಮ್ಮ ಊರ ಕೆರೆಗಳ ಏರಿ ಬಹುತೇಕ ಅದಕ್ಕಿಂತ ಗಿಡ್ಡ. ಅವನ್ನು ಕೇಳುವವರು ಯಾರು?

ಇದು ಸುಮ್ಮನೆ ಎತ್ತಿದ ಪ್ರಶ್ನೆ ಅಲ್ಲ. ಬಾಳಂಬೀಡ, ಶಿಗ್ಗಾಂವಿ, ಸರ್ವಜ್ಞ ಅಂತ ಈ ನಾಲ್ಕು ತಾಲ್ಲೂಕುಗಳಲ್ಲಿ ಏತ ನೀರಾವರಿ ಯೋಜನೆಗಳು ಬಂದಿವೆ. ಹೊಳೆಯ ನೀರನ್ನು ಪಂಪಿನಿಂದ ಎತ್ತಿ ಪೈಪಿನಲ್ಲಿ ಕೆರೆಗೆ ತುಂಬಿಸುವುದು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆ ಪೈಪಿನಲ್ಲಿ ಕರೆಂಟ್ ಹೋಗಿ ಪಂಪು ತಟ್ಟನೆ ನಿಂತರೆ, ಏರಿನಲ್ಲಿದ್ದ ನೀರು ತಿರುಗಿ ಬಂದು ಸುತ್ತಿಗೆಯ ಹಾಗೆ ಹೊಡೆಯುತ್ತದೆ. ಅದಕ್ಕೇ ನೀರು ಹಿಂದೆ ಬಾರದ ಹಾಗೆ ನಾನ್ ರಿಟರ್ನ್ ವಾಲ್ವ್, ಗಾಳಿ ಬಿಡಲು ಏರ್ ವಾಲ್ವ್. ಐಎಸ್‌ಐ ನಿಯಮದ ಪ್ರಕಾರ ಸ್ಲೂಯಿಸ್ ವಾಲ್ವಿನ ಮೈಯನ್ನು ಅದು ಹೊರಬೇಕಾದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಪರೀಕ್ಷಿಸಿಯೇ ಕಾರ್ಖಾನೆಯಿಂದ ಕಳಿಸಬೇಕು. ಅಲ್ಲಿಗೆ ಕಾಗದ ಸರಿಯಾಯಿತು. ಹತ್ತು ವರ್ಷ ಮಣ್ಣು ನೀರಿನಲ್ಲಿ ತುಕ್ಕು ಹಿಡಿದ ಮೇಲೆ ಅದೇ ವಾಲ್ವನ್ನು ಬಿಚ್ಚಿ, ಸೀಟು ಉಜ್ಜಿ, ಮತ್ತೆ ಪರೀಕ್ಷೆ ಮಾಡುವವರು ಯಾರು? ಟೆಂಡರಿನಲ್ಲಿ ಕಟ್ಟುವುದಕ್ಕೆ ಕೋಟಿ ಇರುತ್ತದೆ. ನೋಡಿಕೊಳ್ಳುವವನಿಗೆ ಪಂಚಾಯ್ತಿಯ ನೀರಗಂಟಿಯ ಸಂಬಳ.

ಇನ್ನೂ ಒಂದಿದೆ. ಹಿಂದೆ ಕೆರೆ ಮಳೆಯಿಂದಲೇ ಮೆಲ್ಲಗೆ ತುಂಬುತ್ತಿತ್ತು, ಕೋಡಿಯ ಅಗಲವೂ ಆ ಲೆಕ್ಕಕ್ಕೇ ಇತ್ತು. ಈಗ ಆಗಸ್ಟಿನಲ್ಲೇ ಪೈಪಿನ ನೀರಿಂದ ಕೆರೆ ಭರ್ತಿ. ಅದರ ಮೇಲೆ ಸೆಪ್ಟೆಂಬರಿನ ದೊಡ್ಡ ಮಳೆ ಬಂದರೆ ಅಷ್ಟೂ ನೀರು ಹೋಗಬೇಕಾದ್ದು ಕೋಡಿಯಿಂದಲೇ. ಎಷ್ಟೋ ಊರುಗಳಲ್ಲಿ ಆ ಕೋಡಿಯ ಬಾಯಿಗೆ ಜಾಲಿ ಬೆಳೆದು ನಿಂತಿದೆ, ಕೆಲವು ಕಡೆ ಸೈಟೇ ಆಗಿಹೋಗಿದೆ.