ಎಣ್ಣೆಗಾಯಿ

ಎಣ್ಣೆಗಾಯಿಯು ಎಳೆಯ ಬದನೆಕಾಯಿಗೆ ಖಾರದ ಮಸಾಲೆ ತುಂಬಿ, ಎಣ್ಣೆಯಲ್ಲಿ ಬೇಯಿಸಿ ಮಾಡುವ ಪಲ್ಯ. ಉತ್ತರ ಕರ್ನಾಟಕದ ಊಟದಲ್ಲಿ ಇದು ಜೋಳದ ರೊಟ್ಟಿಯ ಮುಖ್ಯ ಜೊತೆಗಾರ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮೊದಲಾದ ಎರೆಭೂಮಿಯ ಊರುಗಳಲ್ಲಿ ಇದನ್ನು ಆಡುಮಾತಿನಲ್ಲಿ ಎಣ್ಣಿಗಾಯಿ ಎನ್ನುತ್ತಾರೆ. ಮಹಾರಾಷ್ಟ್ರದ ಭರಲಿ ವಾಂಗಿ, ತೆಲುಗು ನಾಡಿನ ಗುತ್ತಿ ವಂಕಾಯ ಇದರ ಹತ್ತಿರದ ಬಂಧುಗಳು.

ಹೆಸರು

ಎಣ್ಣೆ ಮತ್ತು ಕಾಯಿ ಪದಗಳು ಸೇರಿ, ಆದೇಶ ಸಂಧಿಯಿಂದ ಎಣ್ಣೆಗಾಯಿ ಎಂದಾಗಿದೆ. ಬದನೆಯನ್ನು ಈ ಭಾಗದಲ್ಲಿ ಮುಳಗಾಯಿ ಎಂದೂ ಕರೆಯುವುದುಂಟು.

ಕಾಯಿಯ ಆಯ್ಕೆ

ಪಲ್ಯದ ರುಚಿ ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ. ಒಂದೇ ಗಾತ್ರದ, ಹೊಳಪುಳ್ಳ, ಚಿಕ್ಕ ಕಾಯಿಗಳು ಬೇಕು. ಬಲಿತ ಕಾಯಿಯ ಬೀಜ ಗಟ್ಟಿಯಾಗಿ ಕಹಿ ಬರುತ್ತದೆ. ಯಾವ ಮಸಾಲೆಯೂ ಅದನ್ನು ಮರೆಸಲಾರದು. ತೊಟ್ಟನ್ನು ಉಳಿಸಿಕೊಂಡು ಕೆಳತುದಿಯಿಂದ ಅಡ್ಡ ಹಾಗೂ ಉದ್ದಕ್ಕೆ ಸೀಳಿ, ಕಪ್ಪಾಗದಂತೆ ಉಪ್ಪುನೀರಿನಲ್ಲಿ ಹಾಕಿಡುತ್ತಾರೆ. ತೊಟ್ಟು ಬಿಟ್ಟರೆ ಬೇಯುವಾಗ ಕಾಯಿ ಬಿಚ್ಚಿಹೋಗುತ್ತದೆ.

ಸೀಳುವಾಗ ಪ್ರತಿ ಕಾಯಿಯ ಒಳಭಾಗವನ್ನೂ ನೋಡುವುದು ಅಗತ್ಯ. ಕಾಂಡ ಮತ್ತು ಕಾಯಿ ಕೊರೆಯುವ ಹುಳು ಬದನೆಯ ಪ್ರಮುಖ ಪೀಡೆಯಾಗಿದ್ದು, ಹೊರಗೆ ಚೆನ್ನಾಗಿ ಕಾಣುವ ಕಾಯಿಯೊಳಗೂ ಇರಬಹುದು. ಇದೇ ಹುಳುವಿನ ವಿರುದ್ಧ ರೂಪಿಸಲಾದ ಬಿಟಿ ಬದನೆಯ ಯೋಜನೆಯಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಪಾಲುದಾರನಾಗಿತ್ತು. ಪರ ವಿರೋಧದ ಸಾರ್ವಜನಿಕ ಚರ್ಚೆಯ ನಂತರ ಕೇಂದ್ರ ಸರ್ಕಾರ 2010ರ ಫೆಬ್ರವರಿಯಲ್ಲಿ ಅದರ ವಾಣಿಜ್ಯ ಬಿಡುಗಡೆಯನ್ನು ತಡೆಹಿಡಿಯಿತು.

ಮಸಾಲೆ

ಸುಮಾರು ಅರ್ಧ ಕಿಲೋ ಕಾಯಿಗೆ ನಾಲ್ಕು ದೊಡ್ಡ ಚಮಚ ಹುರಿದ ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಸ್ವಲ್ಪ ಒಣಕೊಬ್ಬರಿ ಸಾಕು. ಗುರೆಳ್ಳು (ಹುಚ್ಚೆಳ್ಳು) ಈ ಪಲ್ಯಕ್ಕೆ ವಿಶಿಷ್ಟ ಪರಿಮಳ ಕೊಡುತ್ತದೆ. ಅದನ್ನು ಸಣ್ಣ ಉರಿಯಲ್ಲಿ, ಚಟಪಟ ಎನ್ನುವವರೆಗೆ ಮಾತ್ರ ಹುರಿಯಬೇಕು, ಹೊತ್ತಿದರೆ ಕಹಿ. ಇವನ್ನು ತರಿತರಿಯಾಗಿ ಕುಟ್ಟಿ, ಖಾರದಪುಡಿ, ಅರಿಶಿನ, ಉಪ್ಪು, ಹುಣಸೆರಸ, ಬೆಲ್ಲ, ಕೊತ್ತಂಬರಿ ಸೊಪ್ಪು ಬೆರೆಸುತ್ತಾರೆ. ಹಲವು ಮನೆಗಳಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಸೇರುತ್ತವೆ. ಕೆಲವರು ಅವನ್ನು ಬಳಸುವುದಿಲ್ಲ. ಕುಂದಗೋಳ ಮತ್ತು ನವಲಗುಂದದ ಕಡೆಯೂ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಗಾಢ ಕೆಂಪು ಬಣ್ಣ ಕೊಡುತ್ತದೆ, ಖಾರ ಕಡಿಮೆ. ಈ ತಳಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಚ್ಚು ಖಾರ ಬೇಕೆನ್ನುವವರು ಬೇರೆ ಮೆಣಸಿನಕಾಯಿ ಬೆರೆಸಿಕೊಳ್ಳುತ್ತಾರೆ.

ಬೇಯಿಸುವ ವಿಧಾನ

ದಪ್ಪ ತಳದ ಪಾತ್ರೆಯಲ್ಲಿ ಧಾರಾಳವಾಗಿ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಕೊಟ್ಟು, ಮಸಾಲೆ ತುಂಬಿದ ಕಾಯಿಗಳನ್ನು ಜೋಡಿಸಬೇಕು. ಹಿಂದಿನಿಂದ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆಯ ಬಳಕೆ ಇದೆ. ಮೇಲೆ ನೀರು ತುಂಬಿದ ತಟ್ಟೆಯನ್ನು ಮುಚ್ಚಿದರೆ, ಹಬೆ ಒಳಗೇ ತಣಿದು ಕೆಳಗಿಳಿಯುವುದರಿಂದ ಶೇಂಗಾ ಬೇಗ ತಳಹತ್ತುವುದಿಲ್ಲ. ಸೌಟಿನಿಂದ ತಿರುವದೆ, ಕಾಯಿಯನ್ನು ಒಂದೊಂದಾಗಿ ಹೊರಳಿಸಬೇಕು. ಉಳಿದ ಮಸಾಲೆಗೆ ತಟ್ಟೆಯ ಬಿಸಿನೀರನ್ನೇ ಸೇರಿಸಿ ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಇಡುತ್ತಾರೆ. ಹುಳಿಯಿಂದ ಕಾಯಿ ಮೆತ್ತಗಾಗುವುದು ತಡವಾಗುವ ಕಾರಣ ಅವಸರ ಸಲ್ಲದು.

ಬಳಕೆ

ಬಿಸಿ ರೊಟ್ಟಿಗೂ ಕಟಕ ರೊಟ್ಟಿಗೂ ಇದು ಹೊಂದುತ್ತದೆ. ಜೊತೆಗೆ ಮೊಸರು, ಹಸಿ ಉಳ್ಳಾಗಡ್ಡಿ ಇರುತ್ತವೆ. ಭತ್ತ ಬೆಳೆಯುವ ಕಲಘಟಗಿಯ ಕಡೆ ಅನ್ನಕ್ಕೂ ಕಲಸಿಕೊಳ್ಳಲು ಅನುಕೂಲವಾಗುವಂತೆ ತುಸು ತೆಳ್ಳಗೆ ಮಾಡಬಹುದು. ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಲು ಹೋಗುವವರ ಬುತ್ತಿಯಲ್ಲಿ ಸಜ್ಜೆರೊಟ್ಟಿಯೊಡನೆ ಎಣ್ಣೆಗಾಯಿ ಇರುತ್ತದೆ. ಬುತ್ತಿಗೆ ಒಯ್ಯುವ ಪಲ್ಯಕ್ಕೆ ನೀರು ಕಡಿಮೆ, ಎಣ್ಣೆ ಹೆಚ್ಚು.