ಕಚೇರಿಯ ವಿದ್ಯೆ ಯಾರ ಸೊತ್ತು?

ಚುನಾವಣೆಗೆ ನಿಂತವರನ್ನು ಉಮೇದುವಾರರು ಅಂತೀವಿ. ಈ ಪದಕ್ಕೆ ಇನ್ನೊಂದು ಹಳೆಯ ಅರ್ಥ ಇದೆ. ಉಮೇದು ಅಂದರೆ ಪಾರ್ಸಿಯಲ್ಲಿ ಆಸೆ. ಕಂಪನಿ ಸರ್ಕಾರದ ಕಾಲದಲ್ಲಿ ಕಚೇರಿಯ ಮೂಲೆಯಲ್ಲಿ ಸಂಬಳವಿಲ್ಲದೆ ಕೂತು, ಅರ್ಜಿಗಳ ನಕಲು ಬರೆದು, ಲೆಕ್ಕ ಕೂಡಿಸಿ, ಮುಂದೆಂದೋ ಖಾಲಿಯಾಗುವ ಜಾಗಕ್ಕೆ ಕಾಯುತ್ತಿದ್ದ ಹುಡುಗನೇ ಉಮೇದುವಾರ. ಇವತ್ತಿನ ಮಾತಿನಲ್ಲಿ ಅಪ್ರೆಂಟಿಸ್. ಹೀಗೆ ವರ್ಷಗಟ್ಟಲೆ ಪುಕ್ಕಟೆ ಕೂರುವುದು ಯಾರ ಕೈಲಿ ಆಗುತ್ತೆ? ಮನೆಯಲ್ಲಿ ಉಣ್ಣಲು ಇದ್ದವನ ಕೈಲಿ. ಒಳಗೆ ಅಪ್ಪನೋ ಸೋದರಮಾವನೋ ಗುಮಾಸ್ತನಾಗಿದ್ದವನ ಕೈಲಿ. ದಿನಗೂಲಿಯವನ ಮಗ ಆಸೆ ತಿಂದು ಬದುಕಲಾರ.

ನಾನು ಒಂದು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಲ್ಲಿ ಒಂದು ವರ್ಷ ಪದವೀಧರ ಅಪ್ರೆಂಟಿಸ್ ಆಗಿದ್ದೆ. ಅಲ್ಲಿ ಕಂಡದ್ದನ್ನು ಈ ಉಮೇದುವಾರರ ಚರಿತ್ರೆಯ ಪಕ್ಕ ಇಟ್ಟು ನೋಡದೆ ನನಗೆ ಅರ್ಥವಾಗುತ್ತಿಲ್ಲ.

ಹಳ್ಳಿಯಲ್ಲೂ ಇದೇ ಕಥೆ. ಶಾನುಭೋಗಿಕೆ ವಂಶದ ಸೊತ್ತು. ಶಾನುಭೋಗರ ಮಗ ಅಪ್ಪನ ಪಕ್ಕ ಕೂತು ಖಾತೆ, ಪಹಣಿ, ಕಿರ್ದಿ ಕಲಿಯುತ್ತಿದ್ದ. ನಮ್ಮ ತಾತ ತೋಟಿ. ದಫ್ತರದ ಗಂಟು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದದ್ದು ಅವನ ತಲೆಯ ಮೇಲೆ. ಜಗುಲಿ ಕೆಳಗೆ ಇಳಿಸಿ ದೂರ ನಿಲ್ಲಬೇಕು. ಆ ಗಂಟಿನೊಳಗೆ ಅವನ ಇನಾಮು ಭೂಮಿಯ ಲೆಕ್ಕವೂ ಇತ್ತು. ಏನು ಬರೆದಿದ್ದರೋ ಅವನಿಗೆ ತಿಳೀದು. ಗ್ರಾಮಾಧಿಕಾರ ರದ್ದತಿ ಕಾಯಿದೆ 1961ರಲ್ಲಿ ಆಗಿ, 1963ರಲ್ಲಿ ಜಾರಿಗೆ ಬಂತು. ಶಾನುಭೋಗಿಕೆ ಹೋಯಿತು. ಆದರೆ ಆ ಮನೆಗಳಲ್ಲಿದ್ದ ಲೆಕ್ಕದ ವಿದ್ಯೆ ಎಲ್ಲಿಗೂ ಹೋಗಲಿಲ್ಲ, ಬಸ್ಸು ಹತ್ತಿ ಪಟ್ಟಣದ ಕಚೇರಿಗೆ ಬಂತು.

ಈ ಏಕಸ್ವಾಮ್ಯ ಬ್ರಿಟಿಷರಿಗೇ ಕಣ್ಣು ಕುಕ್ಕಿತ್ತು. ಕೆನರಾ, ಬಳ್ಳಾರಿ ಸೀಮೆಗಳೂ ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲಿ ರೆವಿನ್ಯೂ ಬೋರ್ಡು 1854ರಲ್ಲಿ ಕಲೆಕ್ಟರುಗಳಿಗೆ ಒಂದು ಆದೇಶ ಕೊಟ್ಟಿತು: ಜಿಲ್ಲೆಯ ನೌಕರಿಗಳು ನಾಲ್ಕಾರು ಪ್ರಬಲ ಮನೆತನಗಳ ಪಾಲಾಗದ ಹಾಗೆ ನೋಡಿಕೊಳ್ಳಿ, ಹಲವು ಜಾತಿಗಳಿಗೆ ಹಂಚಿ. ಅವರಿಗೇನೂ ನಮ್ಮ ಮೇಲೆ ಕರುಣೆ ಉಕ್ಕಿರಲಿಲ್ಲ. ಒಂದೇ ಮನೆಯವರು ಕಚೇರಿ ತುಂಬಿದರೆ ಕಂದಾಯದ ಕಳ್ಳಲೆಕ್ಕ ಹಿಡಿಯುವುದು ಕಷ್ಟ, ಅಷ್ಟೆ. ಆದೇಶವನ್ನು ಜಾರಿ ಮಾಡಬೇಕಿದ್ದವರೂ ಅದೇ ಮನೆತನದ ಗುಮಾಸ್ತರು!

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ರಂದು. ದೇಶೀ ಸಂಸ್ಥಾನವೊಂದರ ಮೊದಲ ವಿಶ್ವವಿದ್ಯಾನಿಲಯ ಎಂದು ಎಲ್ಲರೂ ಹೆಮ್ಮೆಪಡುತ್ತಾರೆ, ಪಡಲಿ. ಆದರೆ ಎರಡೇ ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಬೇಕಾಯಿತು ಅನ್ನುವುದನ್ನು ಅದೇ ಉಸಿರಿನಲ್ಲಿ ಯಾರೂ ಹೇಳೋದಿಲ್ಲ. ಸಂಸ್ಥಾನದ ನೌಕರಿಗಳಲ್ಲಿ ಒಂದೇ ಜಾತಿ ತುಂಬಿತ್ತು. ಸಮಿತಿಯ ಶಿಫಾರಸು ಹೀಗಿತ್ತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು, ಅದರಲ್ಲೂ ಅರ್ಹತೆಯುಳ್ಳ ದಮನಿತ ವರ್ಗದವರಿಗೆ ಆದ್ಯತೆ. ದಕ್ಷತೆ ಕೆಡುತ್ತದೆ ಎಂದು ದಿವಾನ್ ವಿಶ್ವೇಶ್ವರಯ್ಯ ಒಪ್ಪಲಿಲ್ಲ. ದಿವಾನಗಿರಿಯನ್ನೇ ಬಿಟ್ಟರು. ಕಟ್ಟೆ ಕಟ್ಟಿದವರಿಗೆ ಕೈ ಮುಗಿಯೋಣ. ಆದರೆ ದಕ್ಷತೆ ಯಾವ ಮನೆಯ ಜಗುಲಿಯಲ್ಲಿ ಬೆಳೆಯುತ್ತೆ, ಯಾರನ್ನು ಆ ಜಗುಲಿ ಹತ್ತಲು ಬಿಡಲಿಲ್ಲ ಅನ್ನೋ ಪ್ರಶ್ನೆಗೆ ಆ ಎಂಜಿನಿಯರರ ಬಳಿ ಉತ್ತರವಿರಲಿಲ್ಲ.

ಜಗುಲಿ ಹತ್ತಿದರೂ ಆಗುವುದೇನು? ಬಾಬಾಸಾಹೇಬರನ್ನು ಕೇಳಿ. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬರೋಡಾಕ್ಕೆ ಬಂದವರನ್ನು ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಪ್ರೊಬೇಷನರ್ ಮಾಡಿದರು. ಅಂದರೆ ಕೆಲಸ ಕಲಿಯುವವರು. ಜವಾನರು ಅವರ ಮೇಜಿಗೆ ಕಡತಗಳನ್ನು ದೂರದಿಂದ ಎಸೆಯುತ್ತಿದ್ದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಇರಲು ಮನೆ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿ ಛತ್ರದಲ್ಲಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಕೆಲಸ ಕಲಿಯುವವನಿಗೆ ಬುದ್ಧಿ ಇದ್ದರೆ ಸಾಲದು. ಕಲಿಸುವ ಪಕ್ಕದ ಕುರ್ಚಿಯೂ, ರಾತ್ರಿ ಮಲಗಲು ಒಂದು ಸೂರೂ ಬೇಕು.

ಸ್ವತಂತ್ರ ಭಾರತದ ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. ಗೊತ್ತುಪಡಿಸಿದ ಕಸುಬುಗಳಲ್ಲಿ ಪರಿಶಿಷ್ಟರಿಗೆ ಜಾಗ ಮೀಸಲಿಡಬೇಕು ಎಂಬ ಮಾತು 1973ರಲ್ಲಿ ಸೇರಿತು. ಬಿಎ, ಬಿಕಾಂ ಓದಿದ ನನ್ನಂಥವರಿಗೆ ಬಾಗಿಲು ತೆರೆದದ್ದು 2014ರ ತಿದ್ದುಪಡಿ. 2019ರ ನಿಯಮ ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನ ಗೊತ್ತುಮಾಡಿತು. ಹಳೆಯ ಉಮೇದುವಾರನಿಗೆ ಅದೂ ಇರಲಿಲ್ಲ, ನಿಜ. ಆದರೆ 18ನೇ ಕಲಮು ಓದಿ: ಅಪ್ರೆಂಟಿಸ್ ಕಲಿಯುವವನು, ಕೆಲಸಗಾರನಲ್ಲ, ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸದು.

ನಾನು ಕಲಿತದ್ದೇನು? ಮೊದಲ ಎರಡು ತಿಂಗಳು ಜೆರಾಕ್ಸ್, ಕಡತಕ್ಕೆ ಟ್ಯಾಗು ಕಟ್ಟುವುದು, ಟಪಾಲು ಹಂಚುವುದು. 'ಯಾವೂರಪ್ಪ? ಯಾರ ಪೈಕಿ?' ಅಂದವರಿಗೆ ಉತ್ತರ ಹೇಳಿದ ಮೇಲೆ ಮೂರನೆಯ ತಿಂಗಳೂ ಅದೇ. ನಮ್ಮ ಪೈಕಿಯವರೇ ಒಬ್ಬ ದ್ವಿತೀಯ ದರ್ಜೆ ಸಹಾಯಕರಿದ್ದರು, ಬ್ಯಾಕ್‌ಲಾಗ್ ನೇಮಕಾತಿಯಲ್ಲಿ ಬಂದವರು. ಅಣ್ಣ ಅಂತಿದ್ದೆ. ಐದೂವರೆ ಆದ ಮೇಲೆ, ಎಲ್ಲರೂ ಎದ್ದು ಹೋದ ಮೇಲೆ, ನನ್ನನ್ನು ಕೂರಿಸಿಕೊಂಡು ಟಿಪ್ಪಣಿ ಬರೆಯುವುದನ್ನು ಕಲಿಸಿದರು. 'ಉಲ್ಲೇಖ ಇಲ್ದಿದ್ರೆ ಅರ್ಜಿ ಅಲ್ಲ ಕಣಪ್ಪ ಅದು, ಬರೀ ಗೋಳು. ಹಿಂದಿನ ಆದೇಶದ ನಂಬರು, ತಾರೀಕು ಹಾಕು. ಆಗ ಸಾಹೇಬರು ಇಲ್ಲ ಅನ್ನೋಕೂ ಬರೆದೇ ಅನ್ಬೇಕಾಯ್ತದೆ.'

ಕಚೇರಿಯ ಕನ್ನಡವೇ ಬೇರೆ. 'ಪರಿಶೀಲಿಸಿ ಮಂಡಿಸಿ' ಅಂದರೆ ಕಡತ ಕೆಳಗಿಳಿಯಿತು. 'ಚರ್ಚಿಸಿ' ಅಂದರೆ ನಿಂತಿತು. ಯಾರ ಜೊತೆ ಚರ್ಚೆ, ಯಾವಾಗ, ಕೇಳುವಂತಿಲ್ಲ. ಹೆಸರಿನ ಒಂದಕ್ಷರ ತಪ್ಪಾದ ಅಂಕಪಟ್ಟಿ ಹಿಡಿದು ಒಬ್ಬ ಹುಡುಗಿ ನಾಲ್ಕು ಸಲ ಬಸ್ ಚಾರ್ಜು ಕೊಟ್ಟು ಬಂದಳು. ಪ್ರತಿ ಸಲವೂ ಬೇರೆ ದಾಖಲೆ ಕೇಳಿದರು. ಒಂದೇ ಸಲಕ್ಕೆ ಪಟ್ಟಿ ಬರೆದುಕೊಡಬಹುದಿತ್ತು. ಇದು ಸಣ್ಣದು ಅನ್ನಬೇಡಿ. ಹೈದರಾಬಾದಿನಲ್ಲಿ ರೋಹಿತ್ ವೇಮುಲ 2016ರ ಜನವರಿಯಲ್ಲಿ ಬಿಟ್ಟುಹೋದ ಪತ್ರದಲ್ಲೂ ಏಳು ತಿಂಗಳ ಬಾಕಿ ಫೆಲೋಶಿಪ್ಪಿನ, 1.75 ಲಕ್ಷ ರೂಪಾಯಿಯ ಲೆಕ್ಕವಿತ್ತು.

ಕುವೆಂಪು 1956ರಿಂದ 1960ರವರೆಗೆ ಮೈಸೂರಿನಲ್ಲಿ ವೈಸ್ ಛಾನ್ಸಲರ್ ಆಗಿದ್ದರು. ಮೇಲಿನ ಕುರ್ಚಿಗೆ ಶೂದ್ರ ಕವಿ ಬಂದದ್ದು ನಮಗೆಲ್ಲ ಎದೆಯುಬ್ಬಿಸುವ ಸಂಗತಿ. ಆದರೆ ಕಡತ ಹುಟ್ಟುವುದು ಕೆಳಗಿನ ಮೇಜಿನಲ್ಲಿ. ಅಲ್ಲಿ ಒಂದು ಬೀರು ಇರುತ್ತದೆ, ಅದರಲ್ಲಿ ರೋಸ್ಟರ್ ಪುಸ್ತಕ, ಎಷ್ಟನೆಯ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ. 'ಅದು ನಿನಗ್ಯಾಕೆ, ಬಿಡು' ಎಂದರು ಅಧೀಕ್ಷಕರು. ಯಾಕೆಂದು ಹೇಳುತ್ತೇನೆ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಅಧ್ಯಾಪಕ ಹುದ್ದೆಗಳ ಮೀಸಲಾತಿಗೆ ಇಡೀ ವಿಶ್ವವಿದ್ಯಾನಿಲಯವನ್ನಲ್ಲ, ಒಂದೊಂದು ವಿಭಾಗವನ್ನು ಘಟಕ ಮಾಡಿ ಎಂದಿತು. 2018ರ ಮಾರ್ಚಿನಲ್ಲಿ ಯುಜಿಸಿ ಹಾಗೆಯೇ ಆದೇಶಿಸಿತು. ಹದಿಮೂರರ ಆ ಸರದಿಯಲ್ಲಿ ಪರಿಶಿಷ್ಟ ಜಾತಿಯ ಪಾಳಿ ಬರುವುದು ಏಳನೆಯ ಹುದ್ದೆಗೆ, ಪರಿಶಿಷ್ಟ ಪಂಗಡದ್ದು ಹದಿನಾಲ್ಕನೆಯದಕ್ಕೆ. ಆರು ಜನರ ವಿಭಾಗದಲ್ಲಿ ನಮಗೆ ಸೊನ್ನೆ. ಸಂವಿಧಾನದ ಒಂದಕ್ಷರ ಅಳಿಸಲಿಲ್ಲ, ಲೆಕ್ಕ ಹಾಕುವ ರೀತಿ ಬದಲಿಸಿದರು! ದೇಶದ ತುಂಬ ಜನ ಬೀದಿಗಿಳಿದ ಮೇಲೆ 2019ರಲ್ಲಿ ಕೇಂದ್ರದ ಸಂಸ್ಥೆಗಳಿಗೆ ಹೊಸ ಕಾಯಿದೆ ಬಂತು, ಮತ್ತೆ ಇಡೀ ಸಂಸ್ಥೆಯೇ ಘಟಕವಾಯಿತು.

ನನ್ನ ವರ್ಷ ಮುಗಿಯಿತು. ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು. ಅಪ್ಪ ಅದನ್ನು ತಿರುಗಿಸಿ ನೋಡಿ, 'ಇದು ಸಂಬಳದ ಕಾಗ್ದವಾ ಮಗ?' ಅಂದ. ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳಲು ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಬೇಕು ಎಂದು 2014ರ ತಿದ್ದುಪಡಿ 22ನೇ ಕಲಮಿನಲ್ಲಿ ಹೇಳುತ್ತದೆ. ಆ ನೀತಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, ಉಲ್ಲೇಖ ಸಮೇತ. ಮೂವತ್ತು ದಿನಕ್ಕೆ ಉತ್ತರ ಬಂತು: 'ಸದರಿ ಮಾಹಿತಿ ಈ ವಿಭಾಗದಲ್ಲಿ ಲಭ್ಯವಿರುವುದಿಲ್ಲ.' ಅಣ್ಣನ ಮುಂದೆ ಕೂತು ಮೇಲ್ಮನವಿ ಬರೆದೆ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ನಂಬರು ಹಾಕಿಸಿಕೊಂಡು ಬಂದಿದ್ದೇನೆ.