‘ಸಮ್ಮತಿ’ ಎಂಬ ಶಬ್ದದ ಚರಿತ್ರೆ

ಶಬ್ದಾರ್ಥಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಿಲಾಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಅರಸುತ್ತೇವೆ. ನ್ಯಾಯಾಲಯದ ತೀರ್ಪುಗಳಲ್ಲಿಯೂ ಅದು ಅಡಗಿರುವುದುಂಟು. ‘ಸಮ್ಮತಿ’ ಎಂಬ ಶಬ್ದವು ನಮ್ಮ ನ್ಯಾಯಶಾಸ್ತ್ರದಲ್ಲಿ ತನ್ನ ನಿಜವಾದ ಅರ್ಥವನ್ನು ಪಡೆದುಕೊಂಡ ಬಗೆ ಇದಕ್ಕೆ ನಿದರ್ಶನವಾಗಿದೆ.

1872ರ ಸಾಕ್ಷ್ಯ ಅಧಿನಿಯಮದ 155ನೆಯ ಕಲಮಿನ ಪ್ರಕಾರ, ಅತ್ಯಾಚಾರದ ಆರೋಪಿಯು ದೂರಿತ್ತ ಸ್ತ್ರೀಯ ನಡತೆ ಒಳ್ಳೆಯದಲ್ಲವೆಂದು ತೋರಿಸಿ ಆಕೆಯ ಸಾಕ್ಷ್ಯವನ್ನು ಹಳಿಯಬಹುದಾಗಿತ್ತು. ಆತನ ಕೃತ್ಯಕ್ಕಿಂತ ಮೊದಲು ಆಕೆಯ ಶೀಲವೇ ವಿಚಾರಣೆಗೆ ಗುರಿಯಾಗುತ್ತಿದ್ದಿತು.

1972ರ ಮಾರ್ಚಿಯಲ್ಲಿ, ಅಂದಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೋಲೀಸು ಠಾಣೆಯಲ್ಲಿ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ಆದಿವಾಸಿ ತರುಣಿಯೊಬ್ಬಳು ದೂರಿತ್ತಳು. ಸೆಷನ್ಸ್ ನ್ಯಾಯಾಲಯವು 1974ರಲ್ಲಿ ಇಬ್ಬರು ಪೋಲೀಸರನ್ನು ಬಿಡುಗಡೆ ಮಾಡಿತು. ಮುಂಬಯಿ ಹೈಕೋರ್ಟಿನ ನಾಗಪುರ ಪೀಠವು 1976ರಲ್ಲಿ, ನಿರುಪಾಯದಿಂದ ಮಣಿಯುವುದು ಸಮ್ಮತಿಯಲ್ಲವೆಂದು ವಿವೇಚಿಸಿ ಅವರಿಗೆ ಶಿಕ್ಷೆ ವಿಧಿಸಿತು. ಆದರೆ 1978ರಲ್ಲಿ ಸುಪ್ರೀಂ ಕೋರ್ಟು, ಆಕೆಯ ಮೈಮೇಲೆ ಗಾಯದ ಗುರುತುಗಳಿಲ್ಲವೆಂಬುದನ್ನು ಮುಖ್ಯವಾಗಿ ಗಣಿಸಿ ಆ ಶಿಕ್ಷೆಯನ್ನು ರದ್ದುಪಡಿಸಿತು.

ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಈ ನಾಲ್ವರು ನ್ಯಾಯಶಾಸ್ತ್ರಜ್ಞರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ಠಾಣೆಯ ಮುಚ್ಚಿದ ಬಾಗಿಲ ಹಿಂದೆ, ಅಧಿಕಾರವುಳ್ಳವರ ಮುಂದೆ, ಬಡ ಹುಡುಗಿಯ ಮೌನವನ್ನು ಒಪ್ಪಿಗೆಯೆನ್ನುವುದೆಂತು ಎಂಬುದೇ ಅದರ ತಿರುಳು. 1980ರಲ್ಲಿ ಮುಂಬಯಿಯ ಸ್ತ್ರೀಯರು ಈ ಅನ್ಯಾಯದ ವಿರುದ್ಧ ವೇದಿಕೆಯೊಂದನ್ನು ಕಟ್ಟಿದರು. ಆಂದೋಲನವು ದೇಶದ ಇತರ ನಗರಗಳಿಗೂ ಹಬ್ಬಿತು.

ಫಲವಾಗಿ 1983ರ ತಿದ್ದುಪಡಿಯು ಬಂದಿತು. ಪೋಲೀಸರ ವಶದಲ್ಲಿ ಸಂಭೋಗ ನಡೆದುದು ಸಿದ್ಧವಾಗಿ, ತಾನು ಒಪ್ಪಲಿಲ್ಲವೆಂದು ಸ್ತ್ರೀಯು ನುಡಿದರೆ, ನ್ಯಾಯಾಲಯವು ಹಾಗೆಯೇ ಭಾವಿಸತಕ್ಕದ್ದೆಂದಾಯಿತು. ಆಕೆಯ ಹೆಸರನ್ನು ಪ್ರಕಟಿಸುವುದು ಅಪರಾಧವೆನಿಸಿತು. ನಡತೆಯನ್ನು ಹಳಿಯುವ ಹಳೆಯ ಉಪಕಲಮನ್ನು ತೆಗೆದುಹಾಕಲು 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿಯಿತ್ತೆಂದು ತಿಳಿಯಕೂಡದೆಂಬ ವಿವರಣೆಯು 2013ರಲ್ಲಿ ಕಾನೂನಿನಲ್ಲಿ ಸೇರಿತು. ನಾಗಪುರ ಪೀಠವು ಕಂಡ ಸತ್ಯವು ಶಾಸನದ ಅಕ್ಷರವಾಗಲು ಮೂವತ್ತೇಳು ವರ್ಷಗಳು ಹಿಡಿದುವು! 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿವರಣೆ ಉಳಿದಿದೆ.

2013ರ ತಿದ್ದುಪಡಿಯು ಇನ್ನೊಂದು ಹೊಣೆಯನ್ನೂ ವಿಧಿಸಿತು: ಸರಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ನೊಂದವಳಿಗೆ ಕೂಡಲೇ ಉಚಿತ ಚಿಕಿತ್ಸೆ ನೀಡತಕ್ಕದ್ದು. ಗಾಯವನ್ನು ಹುಡುಕುವುದಕ್ಕಷ್ಟೇ ಅಲ್ಲ, ಅದನ್ನು ಮಾಯಿಸುವುದಕ್ಕೂ ವೈದ್ಯನಿದ್ದಾನೆಂಬುದನ್ನು ಕಾನೂನು ತಡವಾಗಿ ನೆನೆಯಿತು.

ಪರಪ್ರಾಂತದಲ್ಲಿ ನೆಲಸಿರುವ ನಾವು ಈ ಚರಿತ್ರೆಯಿಂದ ಗ್ರಹಿಸಬೇಕಾದುದೊಂದಿದೆ. ತನಗೆ ಬಾರದ ಭಾಷೆಯ ಠಾಣೆಯಲ್ಲಿ ನಿಂತ ಕನ್ನಡದ ಹೆಣ್ಣುಮಗಳ ಮೌನವೂ ಸುಲಭವಾಗಿ ಅಪಾರ್ಥಕ್ಕೆ ಈಡಾದೀತು. ಆಕೆಯ ಪಕ್ಕದಲ್ಲಿ ಕುಳಿತು, ಆಕೆಯ ಮಾತನ್ನು ಕೂಡದೆ ಕಳೆಯದೆ ಅಲ್ಲಿಯ ಭಾಷೆಗೆ ತಿಳಿಸಬಲ್ಲವರು ನಮ್ಮ ಸಂಘಗಳಲ್ಲಿದ್ದಾರೆ. ಶಬ್ದದ ಅರ್ಥವನ್ನು ಕಾಯುವುದು ವಿದ್ವಾಂಸರ ಕರ್ತವ್ಯವಾದರೆ, ಅದನ್ನು ನೆರವೇರಿಸಬೇಕಾದ ಸ್ಥಳಗಳಲ್ಲಿ ಇದೂ ಒಂದು.